ಮುಚ್ಚಿಹೋದ ಮೀಸಲು ಗುಂಡಿ

ಗುಂಡಿ ಇರಲಿಲ್ಲ.

ಶುಕ್ರವಾರ ಸಂಜೆ ಗೌತಮಿ ತಾನೇ ನಿಂತು ನೋಡಿ ಹೋಗಿದ್ದ ಗುಂಡಿ. ಆಳು ಇಳಿದರೆ ತಲೆ ಕಾಣದಷ್ಟು ಆಳ, ಎತ್ತಿನ ಗಾಡಿ ತಿರುಗಿಸುವಷ್ಟು ಅಗಲ. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಅಲ್ಲಿ ಅಂಗೈಯಂಥ ಸಪಾಟು ನೆಲ. ನೆಲದ ಮೇಲೆ ಅರಿಸಿನ, ಕುಂಕುಮ, ನಾಲ್ಕಾರು ಸೇವಂತಿಗೆ. ಅದರ ಮುಂದೆ ಕಣ್ಣು ಮುಚ್ಚಿ ಕೂತ ಮುದುಕಿ ಅಯ್ಯಮ್ಮ. ಅವಳ ಹಿಂದೆ ಗರುಡಾಚಾರ್‌ಪಾಳ್ಯದ ಹತ್ತಾರು ಹೆಂಗಸರು.

"ಅಜ್ಜೀ, ಯಾರು ಮುಚ್ಚಿದ್ದು ಇದನ್ನ?"

"ಯಾರು ಮುಚ್ತಾರೆ? ಭೂಮ್ತಾಯಿ ಕಣವ್ವ," ಅಯ್ಯಮ್ಮ ಕಣ್ಣು ತೆರೆಯದೆಯೇ ಹೇಳಿದಳು. "ಮರಕ್ಕೆ ಜಾಗ ಬಿಟ್ಟು ಹೋಗಾಕೆ ಇಷ್ಟ ಇಲ್ಲ. ಅದ್ಕೇ ತಾಯಿ ಬಾಯಿ ಮುಚ್ಕೊಂಡವ್ಳೆ."

ಗೌತಮಿ ಮರದ ಕಡೆ ತಿರುಗಿ ನೋಡಿದಳು.

ಆ ಮರ ಅಶ್ವತ್ಥ. ಅಯ್ಯಮ್ಮನ ಅತ್ತೆ ನೆಟ್ಟದ್ದು. ಪಕ್ಕದಲ್ಲೇ ಅದಕ್ಕೆ ಮದುವೆ ಮಾಡಿಸಿದ ಬೇವು. ಎರಡಕ್ಕೂ ಸೇರಿ ಕಲ್ಲಿನ ಕಟ್ಟೆ. ಹೊಲ ಮಾರಾಟವಾಗಿ, ಅಲ್ಲಿ ಕಂಪ್ಯೂಟರ್ ಕಂಪನಿಯೊಂದರ ಕಟ್ಟಡ ಏಳುವ ಹೊತ್ತಿಗೆ ಕಟ್ಟೆ ನಕ್ಷೆಯ ನಟ್ಟನಡುವೆ ಸಿಕ್ಕಿಕೊಂಡಿತ್ತು. ಕಡಿಯುವುದೆಂದೇ ಎಲ್ಲರ ತೀರ್ಮಾನ. ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ ಗೌತಮಿ ಒಬ್ಬಳು ಹಟ ಹಿಡಿದಳು. ಬುಡಸಮೇತ ಎತ್ತಿ ಕೆರೆಯ ಕಡೆಯ ಮೂಲೆಯಲ್ಲಿ ನೆಡೋಣ, ಹೊಣೆ ನನ್ನದು ಅಂದಳು. ಅಯ್ಯಮ್ಮನ ಕೈ ಹಿಡಿದು ಮಾತು ಕೊಟ್ಟಳು: "ಮರ ಬದುಕದಿದ್ರೆ ನನ್ನ ಕೇಳಿ ಅಜ್ಜಿ."

ಮಾತು ಕೊಟ್ಟವಳು ಅರೆಮನಸ್ಸಿನಿಂದ ಕೆಲಸ ಮಾಡಲಿಲ್ಲ. ಒಂದು ಗುಂಡಿ ಸಾಕಾಗಿದ್ದಲ್ಲಿ ಎರಡು ತೋಡಿಸಿದಳು. ಮೊದಲನೆಯದು ಕೆರೆಯ ಮಗ್ಗುಲಲ್ಲಿ. ಎರಡನೆಯದು ಅದರಿಂದ ಸ್ವಲ್ಪ ಮೇಲೆ, ನೆರೆಯ ಪಿಳ್ಳಪ್ಪನ ದನದ ಕೊಟ್ಟಿಗೆಯ ಗೋಡೆಯ ಹತ್ತಿರ. ಮೊದಲನೆಯದರಲ್ಲಿ ಬಂಡೆ ಬಂದರೆ? ನೀರು ಬಂದರೆ? ಬೇರು ಕತ್ತರಿಸಿಕೊಂಡ ಮರ ಕಾಯುವುದಿಲ್ಲ. ಆಫೀಸಿನ ಭಾಷೆಯಲ್ಲಿ ಅದು ಕಂಟಿಂಜೆನ್ಸಿ. ವಾಚ್‌ಮನ್ ಅಂಬಣ್ಣ ಅದಕ್ಕೆ ಮೀಸಲು ಗುಂಡಿ ಎಂದು ಹೆಸರಿಟ್ಟ. ಆ ಹೆಸರೇ ನಿಂತಿತು.

"ಎರಡ್ಯಾಕೆ ಮೇಡಂ?" ಎಂದು ಸೈಟ್ ಇಂಜಿನಿಯರ್ ದುರ್ಗೇಶ ಮೀಟಿಂಗಿನಲ್ಲಿ ನಕ್ಕಿದ್ದ. "ಒಂದರಲ್ಲಿ ಮರ ಹೂಳೋಣ, ಇನ್ನೊಂದ್ರಲ್ಲಿ ಬಜೆಟ್ ಹೂಳೋಣ ಅಂತಾನಾ?" ಎಲ್ಲರೂ ನಕ್ಕಿದ್ದರು. ಗೌತಮಿಯೂ ನಕ್ಕಿದ್ದಳು. ಗುಂಡಿಯನ್ನು ಮಾತ್ರ ತೋಡಿಸಿದ್ದಳು.

ಈಗ ಅದು ಇಲ್ಲ.

"ಅಮ್ಮೋರೇ! ಇಲ್ಲಿ ಬರ್ರೀ, ಲಗೂ!"

ಅಂಬಣ್ಣ ಮೊದಲ ಗುಂಡಿಯ ಹತ್ತಿರ ನಿಂತು ಕೂಗುತ್ತಿದ್ದ. ಗೌತಮಿ ಓಡಿದಳು. ದಂಡೆ ಕುಸಿದು ಅಂಕುಡೊಂಕಾಗಿತ್ತು. ಗುಂಡಿಯ ತುಂಬ ಕಪ್ಪು ನೀರು. ಕೆರೆಯ ಕಡೆಯಿಂದ ಬುಳುಬುಳು ಎಂದು ಒಸರುತ್ತಲೇ ಇತ್ತು.

ಎರಡೂ ಹೋದವು.

ಹಿಂದೆ, ಕಟ್ಟೆಯಿದ್ದ ಜಾಗದಲ್ಲಿ, ಸುತ್ತ ಅಗೆಸಿಕೊಂಡು ಗೋಣಿಚೀಲ ಸುತ್ತಿಸಿಕೊಂಡ ಅಶ್ವತ್ಥ ಹೊರಡಲು ಸಿದ್ಧವಾಗಿ ನಿಂತಿತ್ತು. ಶಿವಾಜಿನಗರದಿಂದ ಬಂದ ಕ್ರೇನ್ ಪಕ್ಕದಲ್ಲಿ. ಅದನ್ನು ನಡೆಸುವ ವಾಜಿದ್ ಬೀಡಿ ಆರಿಸಿ ಹತ್ತಿರ ಬಂದ.

"ಮೇಡಂ, ಸಂಜೆಗೆ ನಾನು ವೈಟ್‌ಫೀಲ್ಡ್‌ನಲ್ಲಿ ಇರ್ಬೇಕು. ಇವತ್ತು ಬಿಟ್ರೆ ಮತ್ತೆ ಬರೋದು ಮುಂದಿನ ತಿಂಗಳು. ಏನ್ ಮಾಡೋದು ಹೇಳಿ."

ಆಗಲೇ ಫೋನು. ಮಾಲೀಕ ಪ್ರಭುಲಿಂಗ. ಅವನು ಕೇಳಿಸಿಕೊಂಡದ್ದು ಅರ್ಧ, ಹೇಳಿದ್ದು ಒಂದೇ ಮಾತು: "ಸಂಜೆಯೊಳಗೆ ಕೂತ್ರೆ ಕೂರ್ಲಿ. ಇಲ್ದಿದ್ರೆ ಗರಗಸದವ್ರನ್ನ ಕರೆಸ್ತೀನಿ ಗೌತಮಿ. ಸಾಕಾಯ್ತು."

ಮುಚ್ಚಿದ ಗುಂಡಿಯನ್ನು ಮತ್ತೆ ತೋಡಿದರಾಯಿತಲ್ಲ? ತೋಡುವವರಾರು? ಕೂಲಿಯವರು ಸಲಿಕೆ ಕೆಳಗಿಟ್ಟು ದೂರ ಸರಿದಿದ್ದರು. ತಾಯಿ ಮುಚ್ಚಿದ ಬಾಯಿಯನ್ನು ತೆರೆದು ಯಾರು ಬಾಳಿಯಾರು? ಅದರ ಮೇಲೆ ಕೂತ ಹೆಂಗಸರನ್ನು ಎಬ್ಬಿಸುವವರಾರು?

ಗೌತಮಿ ಜೀವನ್ ಬಿಮಾ ನಗರದ ಮನೆಗೆ ಫೋನು ಮಾಡಿದಳು.

"ಮಾವ, ಒಂದ್ಸಲ ಇಲ್ಲಿಗೆ ಬರ್ತೀರಾ? ನನ್ನ ಗುಂಡಿ ಕಳುವಾಗಿದೆ."

"ಗುಂಡಿ?"

"ಹೌದು ಮಾವ."

"ಬಂದೆ ತಾಯಿ. ಯಾರಿಗೂ ಏನೂ ಮುಟ್ಟಬ್ಯಾಡ್ರಿ ಅಂತ ಹೇಳು."

ಗೌತಮಿಯ ಮಾವ ಗುರುಶಾಂತಪ್ಪನವರು ಕಲಬುರಗಿ ಕಡೆಯವರು. ವಿಮಾ ಕಂಪನಿಯಲ್ಲಿ ನಷ್ಟ ಪರಿಶೀಲನೆಯ ಕೆಲಸದಲ್ಲಿ ಕೂದಲು ನರೆಸಿ ನಿವೃತ್ತರಾದವರು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಾಣೆಯಾದ ಸರಕು ಇವುಗಳ ನಡುವೆ ಓಡಾಡಿದವರ ಮುಖದಲ್ಲಿ ಇರಬೇಕಾದ ಸಂಶಯ ಅವರಲ್ಲಿರಲಿಲ್ಲ. ಇದ್ದದ್ದು ಹಣೆ ತುಂಬ ವಿಭೂತಿ, ಕಣ್ಣು ತುಂಬ ಬೆರಗು. ಆಟೋದಿಂದ ಇಳಿದವರು ಮೊದಲು ಮರವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಇಷ್ಟು ದೊಡ್ಡ ಜೀವ ಎತ್ತತೀರೇನು?"

"ಎತ್ಬೇಕು ಮಾವ. ಸಂಜೆಯೊಳಗೆ ಜಾಗ ಸಿಕ್ರೆ."

"ಇಬ್ಬರೂ ಕೂಡಿ ಹೊಂಟಾರ, ಹೌದಲ್ಲ? ಗಂಡ ಹೆಂಡ್ತಿ."

"ಇಲ್ಲ ಮಾವ, ಪ್ಲಾನ್ ಪ್ರಕಾರ ಬೇವನ್ನ ಬೇರೆ ಮಾಡಿ..." ಗೌತಮಿಯ ಮಾತು ಅರ್ಧಕ್ಕೆ ನಿಂತಿತು. ಬೇವು ಬೇರೆಯಾಗಿರಲಿಲ್ಲ. ಒಂದೇ ಗೋಣಿಯ ಹೊದಿಕೆಯೊಳಗೆ ಎರಡೂ ನಿಂತಿದ್ದವು. "ಅದು ದುರ್ಗೇಶ್ ನೋಡ್ಕೋತಿದ್ರು. ಆಮೇಲೆ ಬಿಡಿಸ್ತಾರೇನೋ."

"ಹೂಂ," ಅಂದರು ಗುರುಶಾಂತಪ್ಪ. ಅಷ್ಟೇ.

ಮೊದಲ ಸಂಶಯ ಪಿಳ್ಳಪ್ಪನ ಮೇಲೆ. ತನ್ನ ಗೋಡೆ ಬೀಳುತ್ತದೆಂದು ಆ ಗುಂಡಿಗೆ ಮೊದಲ ದಿನದಿಂದಲೂ ತಕರಾರು ತೆಗೆದವನು ಅವನೇ. ಗೋಡೆಯಾಚೆ ನಿಂತು ಎಲ್ಲವನ್ನೂ ನೋಡುತ್ತಿದ್ದ.

"ಯಜಮಾನ್ರೇ, ಗುಂಡಿ ಮುಚ್ಚಿದ್ದು ನಿಮಗ ಅನುಕೂಲ ಆತಲ್ಲ?" ಗುರುಶಾಂತಪ್ಪನವರು ಕೇಳಿದರು.

"ಆಯ್ತು ಸ್ವಾಮಿ. ಸುಳ್ಯಾಕೆ ಹೇಳ್ಲಿ?" ಪಿಳ್ಳಪ್ಪ ಮೀಸೆಯಲ್ಲೇ ನಕ್ಕ. "ಆದ್ರೆ ಅಷ್ಟು ಮಣ್ಣು ಹೊರೋಕೆ ನನ್ನತ್ರ ಏನೈತೆ? ಎರಡು ಎಮ್ಮೆ, ಒಬ್ಬ ಸೋಂಬೇರಿ ಮಗ."

"ನಿನ್ನೆ ಏನಾದ್ರೂ ಕೇಳಿಸ್ತೇನು?"

"ನಾವು ನಿನ್ನೆ ಹಲಸೂರಿನಾಗೆ ಬೀಗರ ಮನೇಲಿದ್ವಿ. ಬಂದಿದ್ದೇ ದೀಪ ಹಚ್ಚೋ ಹೊತ್ಗೆ. ಆಗ್ಲೇ ಮುಚ್ಚಿತ್ತು. ನಾನಂತೂ ಕೈ ಮುಗ್ದೆ."

"ದೇವರಿಗೋ, ಮುಚ್ಚಿದವರಿಗೋ?"

"ಇಬ್ರಿಗೂ!"

ಗುರುಶಾಂತಪ್ಪನವರೂ ನಕ್ಕರು. ಅಂಬಣ್ಣನನ್ನು ಕರೆದರು.

"ಯಾವೂರಪಾ?"

"ಸುರಪುರ ಕಡಿಯವ್ರೀ ಅಪ್ಪಾರ."

"ಹಂಗಾದ್ರ ನಮ್ಮವನ. ನಿನ್ನಿ ಭಾನುವಾರ. ಯಾರ್ಯಾರು ಇದ್ರಿ?"

"ಕೆಲಸದವ್ರು ಯಾರೂ ಇದ್ದಿಲ್ರೀ. ದುರ್ಗೇಶ ಸಾಹೇಬ್ರು, ಜೇಸಿಬಿ ಮಂಜೂರ್, ನಾ. ಗೇಟ್ ಹಾಕಿತ್ತು. ಮಧ್ಯಾಹ್ನ ನಾನೂ ಇದ್ದಿಲ್ರೀ. ಸಾಹೇಬ್ರು ಕೆ.ಆರ್. ಪುರಕ್ಕ ಕಳಿಸಿದ್ರು."

"ಯಾಕ?"

"ಗೋಣಿಚೀಲ ತರಾಕ್ರೀ. ಮರಕ್ಕ ಸುತ್ತಾಕ ಚೀಲ ಸಾಲವಲ್ದು ಅಂದ್ರು. ಮಾರ್ಕೆಟ್ನಾಗ ಅಂಗಡಿ ಅಂಗಡಿ ಅಡ್ಡಾಡಿ ತಂದೆ. ಬರೂದ್ರಾಗ ಹೊತ್ತು ಮುಳುಗಿತ್ತು, ಗುಂಡಿ ಕಡೆ ಹೋಗ್ಲಿಲ್ರೀ."

"ಗೋಣಿ ನಾನೇ ತರಿಸಿಟ್ಟಿದ್ದೆನಲ್ಲ," ಎಂದಳು ಗೌತಮಿ. "ಲೆಕ್ಕಕ್ಕಿಂತ ಜಾಸ್ತಿನೇ ಇತ್ತು."

"ಮಂಜೂರ್ ಎಲ್ಲಿ ಈಗ?" ಎಂದರು ಗುರುಶಾಂತಪ್ಪ.

ಉತ್ತರ ಕೊಟ್ಟವನು ವಾಜಿದ್. "ರಜಾ ಸಾಬ್. ದುರ್ಗೇಶ್ ಸಾರೇ ಬೆಳಗ್ಗೆ ಫೋನ್ ಮಾಡಿ ಇವತ್ತು ಬರೋದ್ ಬೇಡ ಅಂದ್ರಂತೆ. ಪರವಾಗಿಲ್ಲ, ಜೇಸಿಬಿ ನಾನೂ ಓಡಿಸ್ತೀನಿ."

ಗೌತಮಿ ದುರ್ಗೇಶನತ್ತ ತಿರುಗಿದಳು. ಅವನು ನೀರು ತುಂಬಿದ ಗುಂಡಿಯ ದಂಡೆಯಲ್ಲಿ ಪಂಪು ಜೋಡಿಸುವುದರಲ್ಲಿ ಮುಳುಗಿದ್ದ.

"ದುರ್ಗೇಶ್, ಇದು ಹ್ಯಾಂಗಾತು ಅಂತೀರಿ?" ಗುರುಶಾಂತಪ್ಪನವರು ಕೇಳಿದರು.

"ನೀರು ಸಾರ್. ಕೆರೆ ನೀರು ಒಳಗಿಂದ ನುಗ್ಗಿದೆ, ದಂಡೆ ಕುಸಿದು ಬಿದ್ದಿದೆ. ಪ್ರಕೃತಿ ಸಾರ್, ನಾವೇನ್ ಮಾಡೋಕಾಗುತ್ತೆ?"

"ಮಂಜೂರ್‌ಗೆ ರಜಾ ಯಾಕ ಕೊಟ್ರಿ?"

"ಮರ ಎತ್ತೋ ದಿನ ಜೇಸಿಬಿಗೆ ಏನ್ ಕೆಲಸ ಸಾರ್?"

"ಅದೂ ಖರೆ."

ಗುರುಶಾಂತಪ್ಪನವರು ಅಲ್ಲಿದ್ದ ಉದ್ದನೆಯ ಬಿದಿರೊಂದನ್ನು ಎತ್ತಿ ನೀರಿಗೆ ಇಳಿಬಿಟ್ಟರು. ಅದು ಇಳಿಯಿತು. ಇನ್ನೂ ಇಳಿಯಿತು. ನಾಲ್ಕು ಕಡೆ ಹಾಗೇ ನೋಡಿದರು. ದಂಡೆಯ ಕೆಳಗೆ ಬಾಗಿ ಕಣ್ಣಾಡಿಸಿದರು. ಬಿದಿರನ್ನು ಪಕ್ಕಕ್ಕಿಟ್ಟು, ಹೆಂಗಸರು ಕೂತಿದ್ದ ಕಡೆಗೆ ನಡೆದರು.

ಅಯ್ಯಮ್ಮನ ಎದುರು ಮಂಡಿಯೂರಿ ಕೂತರು. "ತಾಯಿ, ಒಂದಿಷ್ಟು ಮಣ್ಣು ತಗೋಲೇನು? ಹಣೆಗೆ."

ಮುದುಕಿ ಮೊದಲ ಸಲ ಕಣ್ಣು ತೆರೆದಳು. "ತಕ್ಕೋ ಮಗ. ತಾಯಿ ಪ್ರಸಾದ. ಕೇಳಾದೇನು?"

ಅವರು ಐದು ಬೆರಳೂ ನೆಲಕ್ಕಿಳಿಸಿ ಒಂದು ಹಿಡಿ ಮಣ್ಣು ತೆಗೆದರು. ಹಣೆಗೆ ಒತ್ತಿಕೊಳ್ಳಲು ಕೈ ಎತ್ತಿದವರು ಅಲ್ಲೇ ತಡೆದರು. ಅಂಗೈಯನ್ನು ಅಯ್ಯಮ್ಮನ ಮುಂದೆ ಹಿಡಿದರು.

"ತಾಯಿ, ಇದು ಈ ನೆಲದ ಮಣ್ಣೇನು?"

ಅಯ್ಯಮ್ಮ ನೋಡಿದಳು. ಮೇಲೆ ಚಿಟಿಕೆಯಷ್ಟು ಕೆಂಪು. ಅದರ ಕೆಳಗೆಲ್ಲ ಕಾಡಿಗೆಯಂಥ ಕಪ್ಪು. ಕಪ್ಪಿನ ನಡುವೆ ಬಿಳಿಯದೊಂದು ಬಸವನಹುಳುವಿನ ಚಿಪ್ಪು.

"ಅಯ್, ಇದು ಕೆರೆ ಗೋಡು! ಇಲ್ಲಿಗೆಲ್ಲಿಂದ ಬಂತು?"

"ಅದನ್ನ ಕೇಳಾಕ ಬಂದೀನಿ ತಾಯಿ."

ಅವರು ಎದ್ದು ನಿಂತರು. ಕೂಲಿಯವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಪಿಳ್ಳಪ್ಪ ಗೋಡೆಯ ಮೇಲೆ ಮೊಣಕೈ ಊರಿದ.

"ಗೌತಮಿ, ಎಲ್ಲರೂ ಬೆಳಗಿನಿಂದ ಗುಂಡಿ ಯಾರು ಮುಚ್ಚಿದ್ರು ಅಂತ ಕೇಳಿದ್ರಿ. ಮಣ್ಣು ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ." ಪಕ್ಕಕ್ಕೆ ಕೈ ತೋರಿಸಿದರು. "ನೋಡು. ಈ ಗುಂಡಿಯಿಂದ ತೆಗೆದ ಕೆಂಪು ಮಣ್ಣು. ಗೊಬ್ಬರ ಬೆರೆಸಿ ಗುಡ್ಡಿ ಮಾಡಿಟ್ಟೀ. ಗುಡ್ಡಿ ಹಂಗ ಅದ. ಗುಂಡಿಯೂ ತುಂಬೇದ. ತಾಯಿ ತನ್ನ ಬಾಯಿ ತಾನು ಮುಚ್ಚಿಕೊಂಡ್ರ, ತನ್ನ ಮಣ್ಣು ಬಿಟ್ಟು ಮಂದಿ ಮಣ್ಣು ಯಾಕ ತಿಂತಾಳ?"

ಆ ಗುಡ್ಡೆ ಬೆಳಗಿನಿಂದ ಗೌತಮಿಯ ಕಣ್ಣ ಮುಂದೆಯೇ ಇತ್ತು. ಎರಡು ಸಲ ಅದನ್ನು ಸುತ್ತಿ ಓಡಿದ್ದಳು!

"ಕಪ್ಪು ಗೋಡು ಇರೋದು ಎಲ್ಲಿ?" ಅವರೇ ಮುಂದುವರಿಸಿದರು. "ಕೆರಿ ಮಗ್ಗಲು. ನಿನ್ನ ಮೊದಲನೇ ಗುಂಡಿ ಹತ್ರ. ಅಲ್ಲಿ ದಂಡಿ ಕುಸಿದು ಬಿದ್ದದ ಅಂತಾರ. ಬಿದ್ದ ಮಣ್ಣು ತಳದಾಗ ಇರಬೇಕಲ್ಲ? ಬಿದಿರು ಇಳಿಬಿಟ್ಟೆ. ನಾಲ್ಕೂ ಕಡೆ ಪೂರಾ ಆಳ. ಬಿದ್ದ ಮಣ್ಣು ಅಲ್ಲಿಲ್ಲ. ದಂಡಿ ಮ್ಯಾಲೆ ಜೇಸಿಬಿ ಹಲ್ಲಿನ ಗೀರು ಅವ. ನೀರು ಬಂದು ಗುಂಡಿ ಅಗಲ ಆಗಿಲ್ಲ. ಗುಂಡಿ ಅಗಲ ಮಾಡಿದ್ದಕ್ಕ ನೀರು ಬಂದದ."

"ಅಗಲ ಮಾಡೋದ್ಯಾಕೆ ಮಾವ? ಅಳತೆ ಸರಿಯಾಗೇ ಇತ್ತಲ್ಲ?"

"ಗುಂಡಿದು ಸರಿ ಇತ್ತು. ಮರದ್ದು?"

ಎಲ್ಲರ ಕಣ್ಣೂ ಮರದ ಕಡೆ ಹೊರಳಿತು.

"ಬೇಕಾದ್ದಕ್ಕಿಂತ ಜಾಸ್ತಿ ಗೋಣಿ ತರಿಸಿದ್ದೆ ಅಂದಿ. ಆದ್ರೂ ಸಾಲಲಿಲ್ಲ. ಬೇವು ಬಿಡಿಸ್ತೀವಿ ಅಂದಿದ್ರಿ. ಬಿಡಿಸಲಿಲ್ಲ. ಯಾಕ?" ಅವರ ದನಿ ತಗ್ಗಿತು. "ಒಂದೇ ಗಳಿಗಿಯೊಳಗ, ಒಂದೇ ಕುಣಿಯೊಳಗ ನಟ್ಟು ಮದುವಿ ಮಾಡಿದ ಗಿಡ ಇವು. ಮ್ಯಾಲೆ ಎರಡು ಕಾಣ್ತಾವ. ಅಳತಿ ಹಿಡಿದವರು ಮ್ಯಾಲಿಂದ ಹಿಡಿದರು. ಶನಿವಾರ ಬುಡ ಅಗೆದಾಗ ಕೆಳಗ ಎರಡೂ ಒಂದ ಅಂತ ಗೊತ್ತಾಗಿರಬೇಕು. ಆಗ ಅವರ ಮುಂದ ಎರಡು ದಾರಿ. ತಪ್ಪು ಅಳದೀನಿ ಅಂತ ಹೇಳೋದು. ಇಲ್ಲಾ, ಯಾರೂ ಇಲ್ಲದ ದಿನ ಗುಂಡಿ ದೊಡ್ಡದು ಮಾಡಿ ಸುಮ್ಮನಾಗೋದು. ತೆಗೆದ ಮಣ್ಣು ಅಲ್ಲೇ ಗುಡ್ಡಿ ಹಾಕಿದ್ರ ಕ್ರೇನ್ ನಿಲ್ಲಾಕ ಜಾಗಿಲ್ಲ, ನಾಕು ಮಂದಿ ಕಣ್ಣಿಗೂ ಬೀಳ್ತದ. ಹಂಗಾದ್ರ ಎಲ್ಲಿ ಹಾಕಬೇಕು?"

ಕೂಲಿಯವರು ಮುಚ್ಚಿದ ಗುಂಡಿಯ ಕಡೆ ನೋಡಿದರು.

"ಮೀಸಲು ಇಟ್ಟದ್ದು ಬೇರೆಯವರ ಕಣ್ಣಿಗೆ ಖಾಲಿ ಜಾಗ ಅಂತ ಕಾಣ್ತದ ತಾಯಿ. ಬ್ಯಾಡಾಗೇದ, ಬಿದ್ದದ, ಅಂತ. ತಪ್ಪು ಮುಚ್ಚಾಕ ಅದಕ್ಕಿಂತ ಒಳ್ಳೆ ಜಾಗ ಯಾವುದದ?" ಅವರು ತಿರುಗಿದರು. "ಅಂಬಣ್ಣನ್ನ ಪ್ಯಾಟಿಗೆ ಕಳಿಸಿದವರು ಯಾರು? ಮಂಜೂರ್‌ಗೆ ಬರಬ್ಯಾಡ ಅಂದವರು ಯಾರು? ಮರ ಅಳದವರು ಯಾರು? ದುರ್ಗೇಶ್, ನಾ ಹೇಳ್ಲೋ, ನೀವ ಹೇಳ್ತೀರೋ?"

ದುರ್ಗೇಶ ಪಂಪಿನ ಪೈಪನ್ನು ಕೆಳಗಿಟ್ಟು ಹತ್ತಿರ ಬಂದ.

"ಬೆಳಗ್ಗೆ ಹೇಳ್ಬಿಡೋಣ ಅಂತಾನೇ ಬಂದೆ ಸಾರ್," ಅಂದ. "ಮೀಸಲು ಗುಂಡಿ ಬೇಕಾಗ್ಲಿಲ್ಲ ಮೇಡಂ, ಸೇಫ್ಟಿಗೆ ಮುಚ್ಸಿದೆ ಅಂದ್ರಾಯ್ತು ಅಂದ್ಕೊಂಡಿದ್ದೆ. ಬಂದು ನೋಡಿದ್ರೆ ಅರಿಸಿನ ಕುಂಕುಮ ಬಿದ್ದಿದೆ, ಅಜ್ಜಿ ಕೂತಿದ್ದಾರೆ. ಆ ಕಡೆ ನೀರು. ಬಾಯೇ ಬರ್ಲಿಲ್ಲ."

"ನನಗೆ ಒಂದು ಫೋನ್ ಮಾಡ್ಬಾರದಿತ್ತಾ ದುರ್ಗೇಶ್?" ಗೌತಮಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. "ಆ ಗುಂಡಿ ತೋಡ್ಸಿದ್ದೇ ಇಂಥದ್ದಕ್ಕೆ ಅಲ್ವಾ?"

"ನಕ್ಕಿದ್ದೆನಲ್ಲ ಮೇಡಂ. ಎಲ್ಲರ ಮುಂದೆ ನಕ್ಕಿದ್ದೆ. ಹೇಗೆ ಕೇಳ್ಲಿ?"

"ಮೀಸಲು ಮುಟ್ಟೋದು ತಪ್ಪಲ್ಲಪಾ," ಗುರುಶಾಂತಪ್ಪನವರು ಮೆಲ್ಲಗೆ ಹೇಳಿದರು. "ಮುಟ್ಟಾಕಂತೇ ಇಡ್ತಾರ. ಮುಟ್ಟಿದ್ದು ಹೇಳದ ಇರೋದು ತಪ್ಪು. ಇಟ್ಟವಳು ಅದ ಅಂತ ನಂಬಿ ನಡೀತಿರ್ತಾಳ. ಅಲ್ಲಿ ಏನೂ ಇರೂದಿಲ್ಲ."

ಅಯ್ಯಮ್ಮ ಎದ್ದಿದ್ದಳು. ಯಾರ ಮುಖವನ್ನೂ ನೋಡದೆ ಸೀದಾ ದುರ್ಗೇಶನ ಎದುರು ಹೋಗಿ ನಿಂತಳು. ಹೊಡೆದೇಬಿಡುತ್ತಾಳೆ ಎಂದುಕೊಂಡಳು ಗೌತಮಿ.

"ಬೇವು ಕಡೀದೆ ಯಾಕ್ ಬಿಟ್ಟೆಯೋ ಮಗ? ಕಡಿದಿದ್ರೆ ನಿನ್ ಅಳತೆ ಸರಿಹೋಗ್ತಿತ್ತು. ಯಾರಿಗೂ ಗೊತ್ತೂ ಆಗ್ತಿರ್ಲಿಲ್ಲ."

ದುರ್ಗೇಶ ಮರದ ಬಳಿ ಹೋಗಿ ಗೋಣಿಯ ಒಂದು ಹೊಲಿಗೆ ಬಿಚ್ಚಿದ. ಹೊದಿಕೆಯನ್ನು ಮೆಲ್ಲಗೆ ಸರಿಸಿದ.

ಒಳಗೆ ಬೇರುಗಳು. ತೊಡೆಯಷ್ಟು ದಪ್ಪ, ತೋಳಿನಷ್ಟು ದಪ್ಪ, ಬೆರಳಿನಷ್ಟು ಸಣ್ಣ. ಅಶ್ವತ್ಥದ ನಸುಬಿಳಿ ಬೇರನ್ನು ಬೇವಿನ ಕಂದು ಬೇರು ಸುತ್ತಿತ್ತು. ಅದನ್ನು ಮತ್ತೆ ಅಶ್ವತ್ಥ, ಅದನ್ನು ಮತ್ತೆ ಬೇವು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ತೊಡಗಿತು ಎಂದು ಹೇಳುವ ಕಣ್ಣು ಅಲ್ಲಿ ಯಾರಿಗೂ ಇರಲಿಲ್ಲ. ಕತ್ತಲಲ್ಲಿ ಇಬ್ಬರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಒಂದು ಆಯುಷ್ಯವನ್ನೇ ಕಳೆದಂತೆ ಇತ್ತು.

"ಕೊಡಲಿ ಕೈಗೆ ತಗೊಂಡಿದ್ದೆ ಅಜ್ಜಿ," ಅಂದ ದುರ್ಗೇಶ. "ಆಗ್ಲಿಲ್ಲ."

ನಕ್ಷೆಯಲ್ಲಿ ಅದೊಂದು ಹಸಿರು ಚುಕ್ಕೆಯಾಗಿತ್ತು. ಗೌತಮಿಯೂ ಅಷ್ಟನ್ನೇ ಕಂಡಿದ್ದಳು. ವಾಜಿದ್ ಟೋಪಿ ಸರಿಪಡಿಸಿಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡ. ಅಯ್ಯಮ್ಮ ಬೇರಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಹೆಂಗಸರ ಕಡೆ ತಿರುಗಿದಳು.

"ಏಳ್ರೇ. ಎಲ್ರೂ ಏಳ್ರಿ. ತಾಯಿ ಬಾಯಿ ತುಂಬ ಮಂದಿ ಮಣ್ಣು ತುರ್ಕವ್ರೆ. ತೆಗೀರಿ ಮೊದ್ಲು."

ವಾಜಿದ್ ಜೇಸಿಬಿ ಹತ್ತಿದ. ಮಣ್ಣು ಸಡಿಲವಾಗಿತ್ತು, ಬೆಣ್ಣೆಯಂತೆ ಬಂತು. ಈ ಸಲ ಹಳೆಯ ಅಳತೆಗಲ್ಲ, ಗೋಣಿಯ ಸುತ್ತಳತೆಗೆ ತೋಡಿದರು. ದುರ್ಗೇಶ ಟೇಪು ಹಿಡಿದ. ಅದರ ಇನ್ನೊಂದು ತುದಿಯನ್ನು ಗೌತಮಿಯೇ ಹಿಡಿದಳು. ಪಿಳ್ಳಪ್ಪನ ಗೋಡೆ ತೀರಾ ಹತ್ತಿರವಾಯಿತು.

"ಬಿದ್ರೆ ಕಟ್ಟಿಸಿಕೊಡ್ತೀವಿ ಯಜಮಾನ್ರೇ," ಎಂದಳು ಗೌತಮಿ.

"ಬೀಳ್ಲಿ ಬಿಡವ್ವ. ಎಮ್ಮೆಗೂ ನೆರಳಾಗ್ತದೆ."

ಬಿಸಿಲು ಇಳಿಯತೊಡಗಿದಾಗ ಮರಕ್ಕೆ ಬೆಲ್ಟು ಬಿಗಿದರು. ಎರಡು ಬುಡದ ಭಾರ ಈ ಕ್ರೇನು ತಡೆಯುತ್ತದೆಯೇ ಎಂದು ಗೌತಮಿ ಕೇಳಿದಳು. ವಾಜಿದ್ ನಕ್ಕ. "ನೀವೇ ಅಲ್ವಾ ಮೇಡಂ ಬೇಕಾದ್ದಕ್ಕಿಂತ ದೊಡ್ಡದು ಕಳ್ಸಿ ಅಂದಿದ್ದು? ಆಗ ನಾವು ನಕ್ಕಿದ್ವಿ."

ಅವನು ಸನ್ನೆಗೋಲಿಗೆ ಕೈ ಹಾಕಿದ. ತಂತಿ ಬಿಗಿಯಾಯಿತು.

"ನಿಲ್ಲಿಸಿ! ನಿಲ್ಸಿ ಭಾಯ್!"

ಕೂಗಿದವನು ದುರ್ಗೇಶ. ಎಲ್ಲರೆದುರು, ಕೈ ಮೇಲೆತ್ತಿ. "ಮೇಡಂ, ಇನ್ನೊಂದು ತಪ್ಪಿದೆ. ಬೇವಿನ ಕಡೆ ಬೆಲ್ಟು ಹಳೇ ಅಳತೆದು. ಗಿಡ್ಡ ಆಗುತ್ತೆ, ಜಾರುತ್ತೆ. ನಾನೇ ತರಿಸಿದ್ದು. ಬದಲಾಯಿಸಿರ್ಲಿಲ್ಲ."

ಯಾರೂ ನಗಲಿಲ್ಲ.

"ಸರಿ," ಎಂದಳು ಗೌತಮಿ. "ಈಗ ಏನ್ ಮಾಡೋಣ ಹೇಳಿ."

"ಎರಡು ಬೆಲ್ಟು ಜೋಡಿಸಿ ಅಡ್ಡ ಹಾಕೋಣ. ಸ್ವಲ್ಪ ಹೊತ್ತು ಹಿಡಿಯುತ್ತೆ."

"ಹಿಡೀಲಿ."

ಬೆಲ್ಟು ಜೋಡಿಸಿದರು. ತಂತಿ ಮತ್ತೆ ಬಿಗಿಯಿತು. ನೆಲದೊಳಗಿಂದ ನಿಟ್ಟುಸಿರಿನಂಥದ್ದೊಂದು ಸದ್ದು ಬಂತು. ಮಣ್ಣು ಬಿಟ್ಟುಕೊಟ್ಟಿತು. ಅಶ್ವತ್ಥ, ಅದರ ಮಗ್ಗುಲಲ್ಲಿ ಬೇವು, ಒಂದೇ ಬುಡದಲ್ಲಿ ಮೇಲೆದ್ದವು. ಮೇಲೆ, ಇನ್ನೂ ಮೇಲೆ. ಬೇರಿನಡಿಯಿಂದ ಆಕಾಶ ಕಂಡಿತು. ವಾಜಿದ್ ಕ್ರೇನಿನ ತೋಳನ್ನು ಮೆಲ್ಲಗೆ ತಿರುಗಿಸಿದ. ನೆರೆದ ಜನ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದರು. ಎರಡು ಮರಗಳು ಎಲೆ ಅಲುಗಿಸುತ್ತ ಅವರನ್ನು ಬಳಸಿಕೊಂಡು ಆಕಾಶದಲ್ಲಿ ಸಾಗಿದವು.

ಇಷ್ಟು ಕಾಲ ಜನ ಆ ಮರವನ್ನು ಸುತ್ತಿದ್ದರು. ಆ ದಿನ ಮರ ಜನರನ್ನು ಸುತ್ತುತ್ತಿತ್ತು.

"ಶಿವನೇ," ಎಂದರು ಗುರುಶಾಂತಪ್ಪ.

ಬುಡ ಗುಂಡಿಗಿಳಿದಾಗ ಸುತ್ತಲೂ ಒಂದು ಗೇಣು ಜಾಗ ಮಿಕ್ಕಿತ್ತು. ಅಯ್ಯಮ್ಮ ಕೆಂಪು ಮಣ್ಣಿನ ಗುಡ್ಡೆಯಿಂದ ಒಂದು ಬೊಗಸೆ ತಂದು ಹಾಕಿದಳು. ಇನ್ನೊಂದು ಬೊಗಸೆಯನ್ನು ದುರ್ಗೇಶನ ಕೈಗೆ ಸುರಿದಳು.

"ಹಾಕು. ನೀನೂ ಹಾಕು."

ಸಲಿಕೆಗಳು ಆಡಿದವು. ಕತ್ತಲಾಗುವ ಮುಂಚೆ ವಾಜಿದ್ ತಂತಿಯನ್ನು ಒಂದೊಂದೇ ಅಂಗುಲ ಸಡಿಲಿಸಿದ. ಎಲ್ಲರೂ ಕತ್ತೆತ್ತಿ ನೋಡಿದರು. ತಂತಿ ಪೂರ್ತಿ ಜೋತುಬಿತ್ತು. ಮರ ವಾಲಲಿಲ್ಲ.

ಅಯ್ಯಮ್ಮ ಗೌತಮಿಯ ಕೈ ಹುಡುಕಿ ಹಿಡಿದುಕೊಂಡಳು.

"ನಿಂತ್ಕೊಂಡ್ರು ಕಣವ್ವ," ಅಂದಳು. "ಇಬ್ರೂ."